ರಾತ್ರಿ ಎರಡು ಗಂಟೆಗೆ ಟ್ಯಾಂಕಿನ ನೀರು ಎಲ್ಲಿಗೆ ಹೋಗುತ್ತದೆ?

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಮೆಂಟೆನೆನ್ಸ್ ಹಣ ಏರಿಸುವ ಮಾತು ಬಂತೆಂದರೆ ಸಭೆಯಲ್ಲಿ ಮೊದಲು ಕತ್ತರಿ ಬೀಳುವುದು ಒಬ್ಬ ಸೆಕ್ಯುರಿಟಿ, ಇಬ್ಬರು ಹೌಸ್‌ಕೀಪಿಂಗ್‌ನವರ ಸಂಬಳಕ್ಕೆ. ಕಣ್ಣಿಗೆ ಕಾಣುವ ಖರ್ಚು ಅದೇ ತಾನೇ! ಆದರೆ ದುಡ್ಡು ಸೋರುವುದು ಪೈಪಿನಲ್ಲಿ, ಫ್ಲಶ್ಶಿನಲ್ಲಿ, ಹಗಲಿರುಳು ಓಡುವ ಮೋಟಾರುಗಳಲ್ಲಿ. ಅದನ್ನು ಪತ್ತೆ ಹಚ್ಚಲು ಕನ್ಸಲ್ಟೆಂಟ್ ಬೇಕಿಲ್ಲ. ಒಂದು ಅಳತೆ ಟೇಪು, ಒಂದು ನೋಟ್‌ಬುಕ್ ಸಾಕು.

ಮೊದಲು ನೀರು. ರಾತ್ರಿ ಒಂದು ಗಂಟೆಗೆ ಓವರ್‌ಹೆಡ್ ಟ್ಯಾಂಕಿಗೆ ನೀರೇರಿಸುವ ಪಂಪು ಆಫ್ ಮಾಡಿಸಿ, ಟ್ಯಾಂಕಿನ ಗೋಡೆಯ ಮೇಲೆ ನೀರಿನ ಮಟ್ಟ ಗುರುತು ಹಾಕಿಸಿ. ನಾಲ್ಕು ಗಂಟೆಗೆ ಮತ್ತೆ ಅಳೆಯಿರಿ. ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಅಗಲದ ಟ್ಯಾಂಕಾದರೆ ಮಟ್ಟ ಒಂದು ಸೆಂಟಿಮೀಟರ್ ಇಳಿದರೆ 120 ಲೀಟರ್ ಹೋಯಿತು ಎಂದು ಲೆಕ್ಕ. ಐದು ಸೆಂಟಿಮೀಟರ್ ಇಳಿದಿದೆ ಎನ್ನಿ. ಮೂರು ತಾಸಿಗೆ 600 ಲೀಟರ್, ದಿನಕ್ಕೆ 4,800 ಲೀಟರ್, ತಿಂಗಳಿಗೆ 1,44,000 ಲೀಟರ್. ಅಂದರೆ 12,000 ಲೀಟರಿನ ಹನ್ನೆರಡು ಟ್ಯಾಂಕರ್. ನಡುರಾತ್ರಿ ಎದ್ದವರ ಬಳಕೆ ಎಂದು ಅರ್ಧ ಬಿಟ್ಟರೂ ಆರು ಟ್ಯಾಂಕರಿನ ದುಡ್ಡು ಯಾರಿಗೂ ಉಪಯೋಗವಿಲ್ಲದೆ ಹೋಗುತ್ತಿದೆ. ಫ್ಲಶ್ಶಿಗೆ ಬೇರೆ ಟ್ಯಾಂಕು ಇರುವ ಕಟ್ಟಡವಾದರೆ ಎರಡನ್ನೂ ಅಳೆಯಿರಿ. ಸೋರಿಕೆ ಯಾವ ಲೈನಿನಲ್ಲಿದೆ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಬಹಳ ಸಲ ಕಳ್ಳ ಸಿಗುವುದು ಫ್ಲಶ್ ಟ್ಯಾಂಕಿನಲ್ಲಿ. ಒಂದಿಷ್ಟು ಅಡುಗೆ ಬಣ್ಣವನ್ನು ಫ್ಲಶ್ ಟ್ಯಾಂಕಿಗೆ ಹಾಕಿ, ಇಪ್ಪತ್ತು ನಿಮಿಷ ಫ್ಲಶ್ ಮಾಡದೆ ಬಿಡಿ. ಕಮೋಡಿನಲ್ಲಿ ಬಣ್ಣ ಕಂಡರೆ ಒಳಗಿನ ರಬ್ಬರ್ ವಾಷರ್ ಸವೆದಿದೆ, ಇಲ್ಲವೇ ಟ್ಯಾಂಕು ತುಂಬಿದಾಗ ನೀರು ನಿಲ್ಲಿಸುವ ಫ್ಲೋಟ್ ತೀರಾ ಮೇಲಿದ್ದು ನೀರು ಓವರ್‌ಫ್ಲೋ ಪೈಪಿನೊಳಗೆ ಇಳಿಯುತ್ತಿದೆ. ಗೋಡೆಯೊಳಗೆ ಹುದುಗಿಸಿದ ಟ್ಯಾಂಕಾದರೆ ಫ್ಲಶ್ ಪ್ಲೇಟ್ ಬಿಚ್ಚಿ ಅಲ್ಲಿಂದಲೇ ಬಣ್ಣ ಬಿಡಬೇಕು. ಸದ್ದಿಲ್ಲದೆ ಹರಿಯುವ ನೀರಾದ್ದರಿಂದ ಮನೆಯವರಿಗೆ ಇದು ತಿಳಿಯುವುದೇ ಇಲ್ಲ. ಹಾಗಾಗಿ ಅಸೋಸಿಯೇಷನ್ ವತಿಯಿಂದಲೇ ಪ್ಲಂಬರನ್ನು ಮನೆಮನೆಗೆ ಕಳಿಸಿ, ವಾಷರಿನ ಖರ್ಚನ್ನೂ ಅಸೋಸಿಯೇಷನ್ನೇ ಹಾಕಿಕೊಳ್ಳುವುದು ಮೇಲು. ನೂರು ಮನೆಗೆ ನೋಟಿಸ್ ಹಂಚಿದರೆ ಹತ್ತು ಮನೆಯವರು ಮಾಡಿಸಿಕೊಂಡಾರು.

ಇನ್ನು ಏರೇಟರ್, ಅಂದರೆ ನಲ್ಲಿಯ ಬಾಯಿಗೆ ತಿರುಗಿಸಿ ಕೂರಿಸುವ, ನೀರಿಗೆ ಗಾಳಿ ಬೆರೆಸುವ ಪುಟ್ಟ ಜಾಲರಿ. 2024ರ ಬೇಸಿಗೆಯ ನೀರಿನ ಬರದಲ್ಲಿ ಜಲಮಂಡಳಿ ಇದನ್ನು ಕಡ್ಡಾಯ ಮಾಡಿದ ಮೇಲೆ ಹೆಸರು ಎಲ್ಲರಿಗೂ ಪರಿಚಯವಾಯಿತು. ನಿಮಿಷಕ್ಕೆ ಹತ್ತು ಹನ್ನೆರಡು ಲೀಟರ್ ಸುರಿಯುವ ವಾಷ್‌ಬೇಸಿನ್ ನಲ್ಲಿಯನ್ನು ಇದು ಮೂರ್ನಾಲ್ಕು ಲೀಟರಿಗೆ ಇಳಿಸುತ್ತದೆ. ಕೊಳ್ಳುವ ಮುನ್ನ ನಲ್ಲಿಯ ಬಾಯಿಯ ತಿರುಪಿನ ಮರೆ (ಥ್ರೆಡ್) ಒಳಗಿದೆಯೋ ಹೊರಗಿದೆಯೋ ನೋಡಿ. ಸಾಮಾನ್ಯವಾಗಿ ಒಳಗಿದ್ದರೆ 24 ಮಿಲಿಮೀಟರ್, ಹೊರಗಿದ್ದರೆ 22. ಬಕೆಟ್ ತುಂಬಿಸುವ ನಲ್ಲಿಗೆ ಇದನ್ನು ಹಾಕಿ ಪ್ರಯೋಜನವಿಲ್ಲ. ಬಕೆಟಿಗೆ ಹಿಡಿಯುವ ನೀರು ಅಷ್ಟೇ, ತುಂಬುವುದು ಮಾತ್ರ ತಡ. ಬೋರ್‌ವೆಲ್ಲಿನ ಗಡಸು ನೀರಿಗೆ ಇದರ ಜಾಲರಿ ಬೆಳ್ಳಗೆ ಕಟ್ಟಿಕೊಳ್ಳುತ್ತದೆ, ಬೇಸತ್ತವರು ಕಿತ್ತು ಬಿಸಾಡುತ್ತಾರೆ. ಎರಡು ಮೂರು ತಿಂಗಳಿಗೊಮ್ಮೆ ಬಿಚ್ಚಿ ವಿನೆಗರಿನಲ್ಲಿ ಒಂದು ತಾಸು ನೆನೆಸಿಟ್ಟರೆ ಮತ್ತೆ ಸರಾಗ.

ಎತ್ತರದ ಕಟ್ಟಡಗಳಲ್ಲಿ ಇನ್ನೊಂದು ತೊಂದರೆಯಿದೆ. ಮಹಡಿಗೆ ಮೂರು ಮೀಟರ್ ಎಂದಿಟ್ಟುಕೊಂಡರೆ ಟ್ಯಾಂಕಿನಿಂದ ಹತ್ತು ಮಹಡಿ ಕೆಳಗಿನ ಮನೆಯ ನಲ್ಲಿಗೆ ಸುಮಾರು ಮೂರು ಬಾರ್ ಒತ್ತಡ ಬೀಳುತ್ತದೆ, ಸಾಕಾಗುವುದು ಒಂದೂವರೆ; ಒತ್ತಡ ಹೆಚ್ಚಾದರೆ ನಲ್ಲಿಯಿಂದ ನೀರೂ ಹೆಚ್ಚು ಸುರಿಯುತ್ತದೆ. ಶಾಫ್ಟಿನ ಲೈನಿಗೆ ಒತ್ತಡ ತಗ್ಗಿಸುವ ವಾಲ್ವ್ ಕೂರಿಸಿ, ಅದಕ್ಕೂ ಮುಂಚೆ ಕಸ ಸೋಸುವ ಒಂದು ಸ್ಟ್ರೈನರ್ ಹಾಕಿಸಿ. ಸ್ಟ್ರೈನರ್ ಇಲ್ಲದಿದ್ದರೆ ಮರಳಿನ ಕಣ ಸಿಕ್ಕಿಕೊಂಡು ವಾಲ್ವ್ ಕೈಕೊಡುತ್ತದೆ. ಮನೆಗೊಂದು ಮೀಟರ್ ಹಾಕಿಸುವ ಆಸೆಯಿದ್ದರೆ, ಒಂದು ಫ್ಲಾಟಿಗೆ ಎಷ್ಟು ಕಡೆಯಿಂದ ನೀರು ಬರುತ್ತದೆ ಎಂದು ಮೊದಲು ಎಣಿಸಿ. ಬಾತ್‌ರೂಮಿಗೊಂದು, ಅಡುಗೆಮನೆಗೊಂದು, ಯುಟಿಲಿಟಿಗೊಂದು ಎಂದು ನಾಲ್ಕೈದು ಲೈನು ಇರುವುದೇ ಹೆಚ್ಚು, ಮೀಟರಿನ ಖರ್ಚೂ ಅಷ್ಟು ಪಟ್ಟು.

ಉಳಿತಾಯದ ಹೆಸರಿನಲ್ಲಿ ನಡೆಯುವ ದೊಡ್ಡ ಅನಾಹುತ ಕೊಳಚೆ ನೀರನ್ನು ಶುದ್ಧಗೊಳಿಸಿ ಫ್ಲಶ್ಶಿಗೆ ಕೊಡುವ ಘಟಕ, ಅಂದರೆ ಎಸ್‌ಟಿಪಿಯದು. ಕರೆಂಟ್ ಬಿಲ್ ಉಳಿಸಲು ಅದಕ್ಕೆ ಗಾಳಿ ಊದುವ ಬ್ಲೋವರನ್ನು ರಾತ್ರಿಯಿಡೀ ನಿಲ್ಲಿಸಿಬಿಡುತ್ತಾರೆ. ಕೊಳಚೆ ತಿನ್ನುವ ಬ್ಯಾಕ್ಟೀರಿಯಾಗಳಿಗೆ ಗಾಳಿ ಬೇಕು. ಅದು ತಪ್ಪಿದರೆ ಅವು ಸೊರಗುತ್ತವೆ, ಬೇಸ್‌ಮೆಂಟ್ ತುಂಬ ಕೊಳೆತ ಮೊಟ್ಟೆಯ ವಾಸನೆ. ನಾರುವ ನೀರನ್ನು ಫ್ಲಶ್ಶಿಗೆ ಬಿಡಲಾಗದೆ ಒಳ್ಳೆಯ ನೀರು ಬಿಡುತ್ತಾರೆ. ಉಳಿದ ಕರೆಂಟಿನ ದುಡ್ಡು ಟ್ಯಾಂಕರಿಗೆ ಹೋಗುತ್ತದೆ. ಸರಿಯಾದ ದಾರಿ ಬೇರೆ. ಗಾಳಿ ಊದುವ ಏರೇಷನ್ ಟ್ಯಾಂಕಿನ ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂ ಆಸುಪಾಸು ಇದ್ದರೆ ಸಾಕು. ಅಳೆದಾಗ ಅದು ನಾಲ್ಕು ದಾಟುತ್ತಿದ್ದರೆ ವಿಎಫ್‌ಡಿ ಎಂಬ ಮೋಟಾರಿನ ವೇಗ ಹೊಂದಿಸುವ ಸಾಧನ ಹಾಕಿ ಬ್ಲೋವರಿನ ವೇಗ ಇಳಿಸಿ. ಸಣ್ಣ ಗುಳ್ಳೆಗಳ ಬದಲು ಒಂದೇ ಜಾಗದಲ್ಲಿ ದೊಡ್ಡ ಗುಳ್ಳೆ ಉಕ್ಕುತ್ತಿದ್ದರೆ ಗಾಳಿಯನ್ನು ಸಣ್ಣ ಗುಳ್ಳೆಯಾಗಿ ಬಿಡುವ ತಳದ ಡಿಫ್ಯೂಸರ್ ಹರಿದಿದೆ ಎಂದೇ ತಿಳಿಯಿರಿ.

ಬೇಸ್‌ಮೆಂಟಿನ ಹಳೆಯ ಟ್ಯೂಬ್‌ಲೈಟ್ ಚೋಕ್ ಸೇರಿ ಸುಮಾರು 50 ವಾಟ್ ಎಳೆಯುತ್ತದೆ, ಎಲ್‌ಇಡಿ 20. ಇಪ್ಪತ್ತನಾಲ್ಕು ತಾಸೂ ಉರಿಯುವ ನೂರು ಟ್ಯೂಬ್ ಬದಲಿಸಿದರೆ ದಿನಕ್ಕೆ 72 ಯೂನಿಟ್ ಉಳಿಯಿತು. ಕಾಮನ್ ಏರಿಯಾದ ಬೆಸ್ಕಾಂ ಬಿಲ್ಲನ್ನೂ ಬಿಡಿಸಿ ನೋಡಿ. ಮಂಜೂರಾದ ಲೋಡು 60 ಕಿಲೋವಾಟ್ ಇದ್ದು, ಹನ್ನೆರಡು ತಿಂಗಳ ಬಿಲ್ಲಿನಲ್ಲಿ ಗರಿಷ್ಠ ಬೇಡಿಕೆ 35 ದಾಟಿಲ್ಲವೆಂದರೆ, ಬಳಸದ ಲೋಡಿಗೂ ತಿಂಗಳು ತಿಂಗಳು ನಿಗದಿತ ಶುಲ್ಕ ಕಟ್ಟುತ್ತಿದ್ದೀರಿ. ಲೋಡ್ ಇಳಿಸಲು ಅರ್ಜಿ ಹಾಕಿ. ಹಾಗೆಂದು 35ಕ್ಕೇ ತರಬೇಡಿ; ಬೇಸಿಗೆಯಲ್ಲಿ ಪಂಪುಗಳೆಲ್ಲ ಒಟ್ಟಿಗೆ ಓಡಿ ಮಿತಿ ಮೀರಿದರೆ ದಂಡ ತೆರಬೇಕು. ಮುಂದೆ ಕಾರ್ ಚಾರ್ಜಿಂಗ್ ಇದೇ ಮೀಟರಿನಿಂದ ಕೊಡುವ ಯೋಚನೆಯಿದ್ದರೆ ಇಳಿಸುವ ಗೋಜಿಗೇ ಹೋಗಬೇಡಿ.

ಕೊನೆಯದು ಜನರೇಟರ್. ಒಂದು ಲೀಟರ್ ಡೀಸೆಲಿಗೆ ಸಿಗುವುದು ಸುಮಾರು ಮೂರೂವರೆ ಯೂನಿಟ್, ಅದೂ ಲೋಡ್ ಚೆನ್ನಾಗಿದ್ದಾಗ. ವಾರಕ್ಕೊಮ್ಮೆ ಟೆಸ್ಟಿಂಗ್ ಎಂದು ಲೋಡಿಲ್ಲದೆ ಅರ್ಧ ತಾಸು ಓಡಿಸುವ ರೂಢಿ ಹಲವು ಕಡೆ ಇದೆ. ಪೂರ್ತಿ ಉರಿಯದ ಡೀಸೆಲ್ ಹೊಗೆಕೊಳವೆಯಲ್ಲಿ ಕಪ್ಪು ಜಿಡ್ಡಾಗಿ ಕೂರುತ್ತದೆ, ರಿಪೇರಿ ಖರ್ಚು ಆಮೇಲೆ ಬರುತ್ತದೆ. ಟೆಸ್ಟಿಂಗ್ ದಿನ ಮೂರನೇ ಒಂದು ಭಾಗದಷ್ಟಾದರೂ ಲೋಡ್ ಕೊಟ್ಟು ಓಡಿಸಿ. ಲಿಫ್ಟು, ನೀರಿನ ಪಂಪು ಎರಡನ್ನೂ ಅದರ ಮೇಲೆ ಹಾಕಿದರೆ ಸಾಮಾನ್ಯವಾಗಿ ಅಷ್ಟಾಗುತ್ತದೆ. ಡೀಸೆಲ್ ತುಂಬಿಸಿದ ದಿನ ಲೀಟರಿನ ಪಕ್ಕದಲ್ಲೇ ಗಂಟೆ ಮೀಟರು, ಯೂನಿಟ್ ಮೀಟರುಗಳ ರೀಡಿಂಗನ್ನೂ ಬರೆದಿಡಿಸಿ.