ಅಧ್ಯಕ್ಷರ ಟಪಾಲು: ಅರ್ಜಿ, ಶಿಫಾರಸು, ಬುದ್ಧಿಮಾತು

ಕೇಳುಗರಿಗೆ ನಮಸ್ಕಾರ. ಅಮೆರಿಕದ ಅಧ್ಯಕ್ಷರಿಗೆ ಕೆಲಸ ಕೇಳಿ, ಸಲಹೆ ಹೇಳಿ ಬರುತ್ತಿದ್ದ ಪತ್ರಗಳ ಮಾತು ಇವತ್ತು.

1849ರ ಜೂನ್ ತಿಂಗಳು. ಅಮೆರಿಕದ ಇಲಿನಾಯ್ ರಾಜ್ಯದ ವಕೀಲರೊಬ್ಬರು ತಮಗೆ ಗೊತ್ತಿದ್ದ ರಾಜಕಾರಣಿಗಳಿಗೆ ಎರಡು-ಮೂರು ಸಾಲಿನ ಚೀಟಿಗಳನ್ನು ಬರೆದರು. ಕೇಂದ್ರ ಸರ್ಕಾರದ ಭೂಕಚೇರಿಯ ಕಮಿಷನರ್ ಹುದ್ದೆ ನಮ್ಮ ರಾಜ್ಯದ ಬೇರೆ ಯಾರಿಗೋ ಹೋಗುವ ಬದಲು ನನಗೆ ಬಂದರೆ ನಿಮಗೆ ಒಪ್ಪಿಗೆಯೇ? ಒಪ್ಪಿಗೆಯಾದರೆ ಹಾಗೆಂದು ವಾಷಿಂಗ್ಟನ್ನಿಗೆ ಬರೆದು ಕಳಿಸಿ, ಹೊತ್ತು ಕಳೆಯುವಂತಿಲ್ಲ. ಚೀಟಿಗಳ ಸಾರ ಇಷ್ಟೇ. ಬರೆದವರು ಅಬ್ರಹಾಂ ಲಿಂಕನ್.

ಕೆಲಸ ಸಿಗಲಿಲ್ಲ. ಲಿಂಕನ್ ಅದಕ್ಕೂ ಮುಂಚೆ ಸೈರಸ್ ಎಡ್ವರ್ಡ್ಸ್ ಎಂಬವರ ಪರ ನಿಂತಿದ್ದರು. ತಾವೇ ಅರ್ಜಿ ಹಾಕುವ ಹೊತ್ತಿಗೆ ತಡವಾಗಿತ್ತು. ಹುದ್ದೆ ಜಸ್ಟಿನ್ ಬಟರ್‌ಫೀಲ್ಡ್ ಪಾಲಾಯಿತು, ಎಡ್ವರ್ಡ್ಸ್ ಅವರ ಮುನಿಸೂ ಮೇಲೆ ಬಿತ್ತು. ಒಬ್ಬರ ಪರ ನಿಂತವನು ಆಮೇಲೆ ಅದೇ ಹುದ್ದೆಗೆ ತಾನೇ ಕೈಚಾಚಿದರೆ ಆಗುವುದು ಹೀಗೆಯೇ.

ಮುಂದಿನ ತಿಂಗಳು, ಜುಲೈ 28ರಂದು, ವಿದೇಶಾಂಗ ಮಂತ್ರಿ ಕ್ಲೇಟನ್ ಅವರಿಗೆ ಲಿಂಕನ್ ಬರೆದ ಪತ್ರ ಇನ್ನೂ ಸ್ವಾರಸ್ಯದ್ದು. ಅಧ್ಯಕ್ಷ ಟೇಲರ್ ನೇಮಕಗಳನ್ನೆಲ್ಲ ಮಂತ್ರಿಗಳಿಗೆ ಬಿಟ್ಟುಕೊಟ್ಟಿದ್ದಾರೆಂಬ ಭಾವನೆ ಜನರಲ್ಲಿದೆ, ಇದು ಅಪಾಯ ಎನ್ನುತ್ತಾರೆ. ನೇಮಕಗಳು ಈಗಿರುವುದಕ್ಕಿಂತ ಉತ್ತಮವಾಗಬೇಕೆಂದೇನೂ ಇಲ್ಲ, ಅವು ಅಧ್ಯಕ್ಷರದೇ ನೇಮಕ ಎಂದು ಜನಕ್ಕೆ ಮನವರಿಕೆಯಾಗಬೇಕು, ಅಷ್ಟೇ. ಕೆಲಸ ಕೇಳಿ ಬರಿಗೈಯಲ್ಲಿ ಬಂದವರು ಅಧ್ಯಕ್ಷರಿಗೆ ಹೇಳಿಕಳಿಸಿದ ಬುದ್ಧಿಮಾತು ಇದು. ಕಹಿ ಎಷ್ಟು, ರಾಜಕೀಯ ಜಾಣ್ಮೆ ಎಷ್ಟು ಎಂದು ಬೇರ್ಪಡಿಸಲು ನನಗಂತೂ ಆಗದು. ಅಧ್ಯಕ್ಷರ ಟಪಾಲಿನಲ್ಲಿ ಸಲಹೆಯೂ ಅರ್ಜಿಯೂ ಹೀಗೆ ಒಂದೇ ಲಕೋಟೆಯಲ್ಲಿ ಬರುತ್ತಿದ್ದವು.

1861ರ ಮಾರ್ಚ್ 4ರಂದು ಲಿಂಕನ್ ತಾವೇ ಆ ಟಪಾಲಿನ ಯಜಮಾನರಾದರು. ಪೋಸ್ಟ್‌ಮಾಸ್ಟರ್, ಸುಂಕದ ಕಟ್ಟೆಯ ಕಲೆಕ್ಟರ್, ಮಾರ್ಷಲ್, ವಿದೇಶದ ಊರುಗಳಲ್ಲಿ ಸರ್ಕಾರದ ಪ್ರತಿನಿಧಿಯಾದ ಕಾನ್ಸಲ್, ಹೀಗೆ ಪಕ್ಷ ಗೆದ್ದಾಗ ಬದಲಾಗುವ ಹುದ್ದೆಗಳು ದೇಶದ ತುಂಬ ಇದ್ದವು. ಟಪಾಲು ಮೊದಲು ಹೋಗುತ್ತಿದ್ದುದು ನಿಕೊಲೆ, ಹೇ ಎಂಬ ಇಬ್ಬರು ತರುಣ ಕಾರ್ಯದರ್ಶಿಗಳ ಮೇಜಿಗೆ. ಆಗಿನ ಕಚೇರಿ ಪದ್ಧತಿಯಂತೆ ಕಾಗದವನ್ನು ಉದ್ದುದ್ದ ಮಡಿಸಿ, ಬೆನ್ನಿನ ಮೇಲೆ ಬರೆದವರ ಹೆಸರು, ತಾರೀಖು, ವಿಷಯ ಗುರುತು ಹಾಕುತ್ತಿದ್ದರು. ಅಧ್ಯಕ್ಷರ ಷರಾ ಬೀಳುತ್ತಿದ್ದುದೂ ಬಹಳ ಸಲ ಅದೇ ಬೆನ್ನಿನ ಮೇಲೆ. ನಂತರ ಕಾಗದ ಸಂಬಂಧಪಟ್ಟ ಇಲಾಖೆಗೆ. ಊರಿನ ಅಂಚೆ ಕಚೇರಿಯ ಮಾತಾದರೆ ಆ ಕ್ಷೇತ್ರದ ಸ್ವಪಕ್ಷದ ಕಾಂಗ್ರೆಸ್ (ಅಂದರೆ ಅಮೆರಿಕದ ಸಂಸತ್ತು) ಸದಸ್ಯ ಹೇಳಿದ್ದೇ ಸಾಮಾನ್ಯವಾಗಿ ನಡೆಯುತ್ತಿತ್ತು.

ಇಲ್ಲಿ ಷರಾ ಓದುವುದೇ ಒಂದು ವಿದ್ಯೆ. 'ಪರಿಶೀಲನೆಗೆ ಕಳಿಸಿದೆ' ಎಂದಷ್ಟೇ ಇದ್ದರೆ ಅದು ದಾಟಿಸಿದ ಕಾಗದ. ಅಧ್ಯಕ್ಷರು ತಮ್ಮ ಮಾತು ಒಂದೆರಡು ಸೇರಿಸಿದ್ದರೆ ಮಾತ್ರ ತೂಕ. 1861ರ ಅಕ್ಟೋಬರ್ 17ರಂದು ಶಸ್ತ್ರಾಗಾರದ ಮೇಜರ್ ರಾಮ್ಸೆಗೆ ಲಿಂಕನ್ ಬರೆದ ಚೀಟಿ ಇದೆ: ಈ ಹೆಂಗಸಿಗೆ ಕೆಲಸ ಮಾಡಬೇಕೆನ್ನುವ ಇಬ್ಬರು ಗಂಡುಮಕ್ಕಳಂತೆ, ಸಾಧ್ಯವಾದರೆ ಕೆಲಸಕ್ಕೆ ಹಚ್ಚಿ, ಕೆಲಸ ಮಾಡುವ ಆಸೆ ಅಪರೂಪದ ಗುಣ, ಪ್ರೋತ್ಸಾಹಿಸಬೇಕು. 'ಸಾಧ್ಯವಾದರೆ' ಎಂಬ ಆ ಪದವನ್ನು ಮರೆಯಬೇಡಿ. ಅಧಿಕಾರಿಗೆ ತಪ್ಪಿಸಿಕೊಳ್ಳಲು ಬಾಗಿಲು ತೆರೆದೇ ಇತ್ತು.

ಈ ಗದ್ದಲಕ್ಕೆ ತೆತ್ತ ಬೆಲೆ ದೊಡ್ಡದು. ದಕ್ಷಿಣದ ಸಮ್ಟರ್ ಕೋಟೆಯಲ್ಲಿ ಕೇಂದ್ರ ಸರ್ಕಾರದ ಸೈನ್ಯದ ದಿನಸಿ ಮುಗಿಯುತ್ತಾ ಬಂದಿತ್ತು, ಅಂತರ್ಯುದ್ಧ ಹೊಸ್ತಿಲಲ್ಲಿತ್ತು, ಅಧ್ಯಕ್ಷರ ಕೋಣೆಯ ಹೊರಗೆ ಮಾತ್ರ ಉದ್ಯೋಗಾರ್ಥಿಗಳ ಸಾಲು. 1861ರ ಏಪ್ರಿಲ್ 1ರಂದು ವಿದೇಶಾಂಗ ಮಂತ್ರಿ ಸೀವರ್ಡ್ ಒಂದು ಟಿಪ್ಪಣಿ ಕಳಿಸಿದರು. ಸರ್ಕಾರ ಬಂದು ತಿಂಗಳಾಯಿತು, ಒಳನಾಡಿಗೂ ಹೊರನಾಡಿಗೂ ನೀತಿಯೇ ಇಲ್ಲ, ನೇಮಕದ ಅರ್ಜಿಗಳು ಗಂಭೀರ ವಿಷಯಗಳಿಗೆ ಗಮನವೇ ಸಿಗದಂತೆ ಮಾಡಿವೆ ಎಂದರು. ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಸ್ಪೇನ್, ಫ್ರಾನ್ಸ್‌ಗಳಿಂದ ವಿವರಣೆ ಕೇಳಬೇಕು, ತೃಪ್ತಿಯಾಗದಿದ್ದರೆ ಯುದ್ಧ ಸಾರಬೇಕು, ಹೊಣೆ ಹೊರಲು ತಾವು ಹಿಂಜರಿಯುವುದಿಲ್ಲ ಎಂದೂ ಸೇರಿಸಿದರು. ಮಂತ್ರಿಯೂ ಒಂದು ಹುದ್ದೆಗೆ ಅರ್ಜಿ ಹಾಕಿದಂತಾಯಿತು, ಅಧ್ಯಕ್ಷರ ಹುದ್ದೆಗೇ! ಏನಾದರೂ ಮಾಡಲೇಬೇಕಾದರೆ ಅದನ್ನು ನಾನೇ ಮಾಡಬೇಕು ಎಂದು ಲಿಂಕನ್ ಅಂದೇ ಉತ್ತರ ಬರೆದರು. ಅದು ಅವರ ಕಾಗದಪತ್ರಗಳಲ್ಲೇ ಉಳಿದಿದೆ, ಕಳಿಸಿದಂತೆ ಕಾಣುವುದಿಲ್ಲ.

ಚಿಕ್ಕವರ ಪತ್ರಗಳೂ ಇದೇ ವ್ಯಾಕರಣ ಬಲ್ಲವು. 1860ರ ಅಕ್ಟೋಬರಿನಲ್ಲಿ ಗ್ರೇಸ್ ಬೆಡೆಲ್ ಎಂಬ 11 ವರ್ಷದ ಹುಡುಗಿ, ಗಡ್ಡ ಬಿಡಿ, ಮುಖ ಚೆನ್ನಾಗಿ ಕಾಣುತ್ತದೆ ಎಂದು ಲಿಂಕನ್‌ಗೆ ಬರೆದದ್ದು ಪ್ರಸಿದ್ಧ. ಅದರಲ್ಲಿ ವೋಟಿನ ಲೆಕ್ಕವೂ ಇತ್ತು: ನನಗೆ 4 ಜನ ಅಣ್ಣತಮ್ಮಂದಿರು, ಕೆಲವರು ಹೇಗೂ ನಿಮಗೇ ಹಾಕುತ್ತಾರೆ, ಗಡ್ಡ ಬಿಟ್ಟರೆ ಉಳಿದವರನ್ನೂ ಒಪ್ಪಿಸಲು ನೋಡುತ್ತೇನೆ. 1864ರ ಜನವರಿಯಲ್ಲಿ ಆಕೆಯೇ ಮತ್ತೆ ಬರೆದಳು. ತಂದೆ ಆಸ್ತಿ ಕಳೆದುಕೊಂಡಿದ್ದರು. ಖಜಾನೆ ಇಲಾಖೆಯಲ್ಲಿ ನೋಟು ಕತ್ತರಿಸಲು ಹುಡುಗಿಯರನ್ನು ಒಳ್ಳೆಯ ಸಂಬಳಕ್ಕೆ ತೆಗೆದುಕೊಳ್ಳುತ್ತಾರಂತೆ, ನನಗೊಂದು ಕೆಲಸ ಸಿಗಬಹುದೇ ಎಂದು ಕೇಳಿದ್ದಳು. ಈ ಎರಡನೆಯ ಪತ್ರ ಪತ್ತೆಯಾದದ್ದು 2007ರಲ್ಲಿ, ಖಜಾನೆಯ ಹಳೆಯ ಕಾಗದಗಳ ನಡುವೆ.

ಪ್ಯಾರಿಸ್ ಕಾನ್ಸಲ್ ಹುದ್ದೆಗೆ ಪತ್ರದ ಮೇಲೆ ಪತ್ರ ಬರೆದು ಸೋತ ಗಿಟೊ ಎಂಬಾತ 1881ರ ಜುಲೈ 2ರಂದು ಅಧ್ಯಕ್ಷ ಗಾರ್ಫೀಲ್ಡ್‌ಗೆ ಗುಂಡು ಹೊಡೆದ. ಸೆಪ್ಟೆಂಬರ್ 19ರಂದು ಅವರು ತೀರಿಕೊಂಡರು. ಈ ಕೊಲೆಯ ನಂತರ, 1883ರ ಜನವರಿಯಲ್ಲಿ, ಸರ್ಕಾರಿ ನೇಮಕಗಳ ಬಗೆಗಿನ ಪೆಂಡಲ್ಟನ್ ಕಾಯ್ದೆ ಬಂತು. ಪರೀಕ್ಷೆ ಬರೆದು ಸೇರುವ ಹುದ್ದೆಗಳಿಗೆ ಸೆನೆಟರ್ ಅಥವಾ ಕಾಂಗ್ರೆಸ್ ಸದಸ್ಯರ ಶಿಫಾರಸನ್ನು ಸ್ವೀಕರಿಸಲೇಬಾರದು ಎಂದಿತು. ಅಭ್ಯರ್ಥಿಯ ನಡತೆ, ವಾಸಸ್ಥಳ, ಈ ಎರಡರ ಬಗ್ಗೆ ಮಾತ್ರ ಅವರು ಬರೆಯಬಹುದಿತ್ತು. ಆದರೆ ಕಾಯ್ದೆ ಮೊದಲಿಗೆ ಮುಟ್ಟಿದ್ದು ಸರಿಸುಮಾರು ಹತ್ತರಲ್ಲಿ ಒಂದು ಹುದ್ದೆಯನ್ನು. ಹಳ್ಳಿಯ ಅಂಚೆ ಕಚೇರಿಗೆ ಮೊದಲಿನಂತೆ ಕಾಂಗ್ರೆಸ್ ಸದಸ್ಯರ ಚೀಟಿಯೇ ಬೇಕಿತ್ತು.

ನಮಸ್ಕಾರ.