ವೆನಿಸ್‌ನಲ್ಲಿ ಕಳೆದುಹೋದ ಏಳು ಯುರೋ

ಎಲ್ಲರಿಗೂ ನಮಸ್ಕಾರ. ಹಿಂದೆ ಒಂದು ಸದ್ದು ಕೇಳುತ್ತಾ ಉಂಟಲ್ಲ, ಅದು ವೆನಿಸ್‌ನ ನೀರಲ್ಲ, ಮಂಗಳೂರಿನ ಮಳೆ. ನಮ್ಮ ಮನೆಯ ಶೀಟಿನ ಮೇಲೆ ಬೀಳುತ್ತಿದೆ. ಮಳೆ ನಿಂತ ಮೇಲೆ ಈ ವೆನಿಸ್ ವಿಡಿಯೋಗೆ ದನಿ ರೆಕಾರ್ಡ್ ಮಾಡೋಣ ಅಂತ ಎರಡು ದಿನ ಕಾದೆ. ನಿಲ್ಲುವ ಲಕ್ಷಣ ಇಲ್ಲ. ಹಾಗೇ ಕೇಳಿಸಿಕೊಳ್ಳಿ.

ಇದು ಸಾಂತಾ ಲೂಚಿಯಾ ರೈಲ್ವೆ ಸ್ಟೇಷನ್. ಹೊರಗೆ ಬಂದರೆ ನಮ್ಮಲ್ಲಿ ರಿಕ್ಷಾಗಳು ನಿಲ್ಲುವ ಜಾಗದಲ್ಲಿ ಸೀದಾ ನೀರು! ಅದೇ ಗ್ರ್ಯಾಂಡ್ ಕೆನಾಲ್. ಈ ಊರೊಳಗೆ ಕಾರಿಲ್ಲ, ಬೈಕಿಲ್ಲ, ಸೈಕಲ್ ಕೂಡ ಬಿಡುವ ಹಾಗಿಲ್ಲ. ನೂರಕ್ಕೂ ಜಾಸ್ತಿ ಪುಟ್ಟ ದ್ವೀಪಗಳು, ನಾನೂರಕ್ಕೂ ಜಾಸ್ತಿ ಸೇತುವೆಗಳು. ಹೆಚ್ಚಿನ ಸೇತುವೆಗಳಿಗೆ ಮೆಟ್ಟಿಲು. ಎರಡೂ ಸೂಟ್‌ಕೇಸ್ ಹೊತ್ತುಕೊಂಡು ಹೋಗುತ್ತಿರುವುದು ನಮ್ಮವರು. ನನ್ನ ಕೈಯಲ್ಲಿ ಕ್ಯಾಮೆರಾ ಇತ್ತಲ್ಲ, ಏನು ಮಾಡುವುದು.

ಈಗ ಟಿಕೆಟ್ ವಿಷಯ ಹೇಳುತ್ತೇನೆ. ಇದನ್ನು ಹೇಳದಿದ್ದರೆ ನನಗೆ ಸಮಾಧಾನ ಇಲ್ಲ.

ಇಲ್ಲಿಯ ಸಿಟಿ ಬಸ್ ಅಂದರೆ ಬೋಟು. ವಪೊರೆಟ್ಟೊ ಅಂತ ಹೆಸರು. ನಾವು ಹೋದಾಗ ಒಂದು ಟಿಕೆಟ್‌ಗೆ 9.50 ಯುರೋ. ಯುರೋಗೆ ನೂರು ರೂಪಾಯಿ ಅಂತ ಇಟ್ಟುಕೊಂಡರೂ 950 ರೂಪಾಯಿ, ಅದೂ 75 ನಿಮಿಷಕ್ಕೆ. 24 ಗಂಟೆಯ ಪಾಸ್ 25 ಯುರೋ. ನಾನು ಪಾಸ್ ತೆಗೆಯೋಣ ಅಂದೆ. "ಎಂಥಕ್ಕೆ ಮಾರಾಯ್ತಿ, ಸಣ್ಣ ಊರು, ನಡೆದರೆ ಆಯ್ತು" ಅಂದರು. ಸರಿ, ಸ್ಟೇಷನ್‌ನಿಂದ ರಿಯಾಲ್ಟೊಗೆ ಮೊದಲ ಟಿಕೆಟ್. ರೂಮಲ್ಲಿ ಲಗೇಜ್ ಇಟ್ಟೆವು, ಊಟ ಆಯಿತು, ರಿಯಾಲ್ಟೊ ಸೇತುವೆಯ ಮೇಲೆ ಫೋಟೋ ಆಯಿತು. 1591ರಲ್ಲಿ ಮುಗಿದ ಕಲ್ಲಿನ ಸೇತುವೆ ಇದು, ಅದರ ಮೇಲೆ ಎರಡು ಸಾಲು ಅಂಗಡಿ ಬೇರೆ. ಚಂದ ಉಂಟು, ಆದರೆ ನಿಲ್ಲಲು ಜಾಗ ಇಲ್ಲ. ಕಾಲು ನೋಯಲು ಶುರುವಾಯಿತು. ಸಂತ ಮಾರ್ಕೋಸ್ ಚೌಕಕ್ಕೆ ಬೋಟಲ್ಲೇ ಹೋಗೋಣ ಅಂತ ಎರಡನೇ ಟಿಕೆಟ್.

ನಮ್ಮವರು ಹುಟ್ಟಿ ಬೆಳೆದದ್ದು ಮಂಗಳೂರಿನ ಬೆಂಗ್ರೆಯಲ್ಲಿ. ಅಲ್ಲಿಂದ ಫೆರಿಯಲ್ಲಿ ನದಿ ದಾಟಿ ಬಂದರಿಗೆ ಬಂದು ಶಾಲೆಗೆ ಹೋದವರು. "ಬೋಟಿನ ವಿಷಯ ನನಗೆ ಹೇಳಿಕೊಡಬೇಡ" ಅಂತ ಮುಂದೆ ನಡೆದರು. ರಿಯಾಲ್ಟೊದಲ್ಲಿ ಒಂದೇ ಕಡೆ ಹಲವು ತೇಲುವ ಕಟ್ಟೆಗಳಿವೆ. ಒಂದೊಂದಕ್ಕೆ ಒಂದೊಂದು ಅಕ್ಷರ, ಒಂದೊಂದು ದಿಕ್ಕು. ಒಂದನೇ ನಂಬರ್ ಬೋಟು ಬಂತು, ಹತ್ತಿದೆವು.

ಇಲ್ಲಿ ಸ್ವಲ್ಪ ನೋಡಿ, ಇದನ್ನು ನಾನು ಕಟ್ ಮಾಡಲಿಲ್ಲ. ಪ್ರತಿ ಸ್ಟಾಪಿನಲ್ಲಿ ಬೋಟಿನಲ್ಲಿ ಕೆಲಸ ಮಾಡುವ ಆ ಹುಡುಗಿ ಹಗ್ಗ ಎಸೆದು, ಕಬ್ಬಿಣದ ಗೂಟಕ್ಕೆ ಎಂಟರ ಆಕಾರದಲ್ಲಿ ಎರಡು ಸುತ್ತು ಹಾಕುತ್ತಾಳೆ. ಗಂಟು ಇಲ್ಲ. ಬೋಟು ಹಿಂದೆ ಜಗ್ಗಿದಾಗ ಹಗ್ಗ ಕಿರ್ ಅನ್ನುತ್ತದೆ. ಜನ ಇಳಿದ ಮೇಲೆ ಒಂದು ಎಳೆತಕ್ಕೆ ಬಿಚ್ಚಿ ಬರುತ್ತದೆ. "ನಮ್ಮಲ್ಲೂ ಹೀಗೇ ಸುತ್ತುವುದು" ಅಂತ ಇವರು ಆಚೆಗಿನ ಅಜ್ಜನಿಗೆ ಕನ್ನಡದಲ್ಲೇ ವಿವರಿಸುತ್ತಿದ್ದರು. ಅವರೂ ತಲೆ ಆಡಿಸಿದರು.

ನಾನು ಸುಮ್ನೆ ಮನೆಗಳನ್ನು ನೋಡುತ್ತಾ ಕೂತೆ. ನೆನಪಾದದ್ದು ಪಿಯೆತ್ರೊ ದೆಲ್ಲಾ ವಾಲ್ಲೆ ಅನ್ನುವವನು. ರೋಮ್ ಊರಿನವ. 1614ರಲ್ಲಿ ಇದೇ ವೆನಿಸ್‌ನಲ್ಲಿ ಹಡಗು ಹತ್ತಿ ಹೊರಟ. ಸುತ್ತಿ ಸುತ್ತಿ 1623ರಲ್ಲಿ ನಮ್ಮ ಮಂಗಳೂರಿಗೆ ಬಂದ. ಉಳ್ಳಾಲದ ರಾಣಿಯನ್ನು ಭೇಟಿಯಾದ, ಅದನ್ನೆಲ್ಲ ಬರೆದೂ ಇಟ್ಟ. ಅವನಿಗೆ ಒಂಬತ್ತು ವರ್ಷ ಹಿಡಿದ ದಾರಿ ನಮಗೆ ಎರಡು ವಿಮಾನ, ಒಂದು ರೈಲು. ಅವನಿಗೆ ಟಿಕೆಟ್ ಎಷ್ಟು ಬಿದ್ದಿತ್ತೋ.

ಆಗ ಎದುರು ಒಂದು ಕಟ್ಟಡ ಕಂಡಿತು. ಅಗಲ ಮೆಟ್ಟಿಲು, ಮೇಲೆ ಉದ್ದಕ್ಕೆ ಚಪ್ಪಟೆ ಮಾಡು. "ಮಾರಾಯ್ರೆ, ಇದು ಬೆಳಿಗ್ಗೆ ನಾವು ಇಳಿದ ಸ್ಟೇಷನ್ ಅಲ್ವಾ?" ಅಂದೆ. ಹೌದು. ಉಲ್ಟಾ ದಿಕ್ಕಿನ ಬೋಟು. ಬೆಂಗ್ರೆಯವರ ಮುಖ ನೋಡಿ ಈಗ. ಇಷ್ಟು ಹೊತ್ತು ಝೂಮ್ ಮಾಡಿದ್ದು ಬೇಕೆಂದೇ.

ತಕ್ಷಣ ವಾಪಸ್ ಹೋಗಬಹುದಿತ್ತು. ಆದರೆ ಜಗಳ ಮಾಡಬೇಕಿತ್ತಲ್ಲ. ಕಾಫಿ ಕುಡಿಯುತ್ತಾ ಮಾಡಿದೆವು. ಕೌಂಟರ್‌ನಲ್ಲಿ ನಿಂತು ಕುಡಿದರೆ ಒಂದು ರೇಟು, ಕೂತರೆ ಇನ್ನೊಂದು. ನಾವು ಕೂತೆವು. ಆಮೇಲೆ ವಾಪಸ್ ಹೋಗಲು ಮೂರನೇ ಟಿಕೆಟ್. ಲೆಕ್ಕ ಹಾಕಿ: ಮೂರು ಸಲ 9.50, ಇಬ್ಬರಿಗೆ 57 ಯುರೋ. ಪಾಸ್ ತೆಗೆದಿದ್ದರೆ 50. ಏಳು ಯುರೋ, ಏಳುನೂರು ರೂಪಾಯಿ ನೀರಿಗೆ! ಏಳುನೂರಕ್ಕೆ ಬೆಂಗ್ರೆ ಫೆರಿಯಲ್ಲಿ ಎಷ್ಟು ಸಲ ದಾಟಬಹುದು ಅಂತ ನಾನು ಮಲಗುವ ತನಕ ಕೇಳುತ್ತಿದ್ದೆ. ಈಗಲೂ ಕೇಳುತ್ತೇನೆ.

ಸಂತ ಮಾರ್ಕೋಸ್ ಚೌಕ. ಆ ಎತ್ತರದ ಗೋಪುರ 1902ರಲ್ಲಿ ಕುಸಿದು ಬಿದ್ದಿತ್ತು, 1912ರಲ್ಲಿ ಹಾಗೇ ಮತ್ತೆ ಕಟ್ಟಿದ್ದಾರೆ. ಬದಿಯಲ್ಲಿ ಪೇರಿಸಿಟ್ಟ ಹಲಗೆಗಳನ್ನು ಕಂಡು ನಾನು ಏನೋ ಕಾರ್ಯಕ್ರಮ ಉಂಟು ಅಂದುಕೊಂಡೆ. ಅಲ್ಲ, ಸಮುದ್ರದ ನೀರು ಚೌಕಕ್ಕೆ ನುಗ್ಗಿದರೆ ಇದರ ಮೇಲೆ ನಡೆಯುವುದಂತೆ. ಮಳೆ ಬಂದರೆ ನೀರು ನಿಲ್ಲುವ ನಮ್ಮ ಮಂಗಳೂರಿನ ಕೊಟ್ಟಾರ ಚೌಕಿಗೂ ಒಂದು ಸೆಟ್ ತಂದಿಟ್ಟರೆ ಒಳ್ಳೆಯದು. 2020ರಿಂದ ಉಬ್ಬರ ಜಾಸ್ತಿ ಆದಾಗ ಸಮುದ್ರದ ಬಾಯಿಯಲ್ಲೇ ಗೇಟ್ ಎಬ್ಬಿಸಿ ನೀರು ತಡೆಯುತ್ತಾರೆ.

ಗೊಂಡೋಲಾ ಅನ್ನುವ ಹುಟ್ಟಿನ ದೋಣಿ? ಅರ್ಧ ಗಂಟೆಗೆ 90 ಯುರೋ, ರಾತ್ರಿ ಏಳರ ನಂತರ 110. ಬೇಡ ಅಂದೆ. ವೆನಿಸ್ ಬರೀ ದುಡ್ಡು ಕೀಳುವ ಊರು, ಇನ್ನೊಮ್ಮೆ ಬರುವುದಿಲ್ಲ ಅಂತಲೂ ಅಂದೆ. ಅದು ಸೋಮವಾರ ರಾತ್ರಿ.

ಇದು ಮಂಗಳವಾರ ಬೆಳಿಗ್ಗೆ. ಸ್ವಲ್ಪ ತಡೆಯಿರಿ, ಕುಕ್ಕರ್ ಕೂಗುತ್ತಿದೆ. ಹಾಂ. ಗ್ರ್ಯಾಂಡ್ ಕೆನಾಲ್ ದಾಟಿಸಲು ಕೆಲವು ಕಡೆ ಟ್ರಾಗೆತ್ತೊ ಅಂತ ಉಂಟು. ಅದೂ ಗೊಂಡೋಲಾವೇ, ಸ್ವಲ್ಪ ಅಗಲ, ಇಬ್ಬರು ಹುಟ್ಟು ಹಾಕುತ್ತಾರೆ. ತಲೆಗೆ ಎರಡು ಯುರೋ! ಹೋಗುವಾಗಿನ ವಿಡಿಯೋ ಇಲ್ಲ, ಹೆದರಿ ಕ್ಯಾಮೆರಾ ಒಳಗೆ ಇಟ್ಟಿದ್ದೆ. ಆಚೆ ದಡದಲ್ಲಿ ರಿಯಾಲ್ಟೊ ಮೀನು ಮಾರ್ಕೆಟ್. ನಮ್ಮವರು ಸಂತ ಮಾರ್ಕೋಸ್ ಚರ್ಚಿನಲ್ಲಿ ಹತ್ತು ನಿಮಿಷ ನಿಲ್ಲಲಿಲ್ಲ, ಇಲ್ಲಿ ಒಂದು ಗಂಟೆ ನಿಂತರು. ಐಸ್ ಮೇಲೆ ಬೂತಾಯಿ, ಅಂದರೆ ಸಾರ್ಡೀನ್ ಮೀನು, ಬೆಳ್ಳಿಯ ಹಾಗೆ ಹೊಳೆಯುತ್ತಿದೆ ನೋಡಿ. ಇವರು ಕಿವಿರು ಎತ್ತಿ ನೋಡಲು ಹೋಗಿ ಬೈಸಿಕೊಂಡರು. ಇಲ್ಲಿ ಮೀನು ಮುಟ್ಟಬಾರದು.

ಅದೇ ಬೂತಾಯಿಯನ್ನು ಹುರಿದು, ವಿನೆಗರ್‌ನಲ್ಲಿ ಬೆಂದ ನೀರುಳ್ಳಿ ಹಾಕಿ ಇಡುತ್ತಾರೆ. ಸಾರ್ದೆ ಇನ್ ಸಾವೋರ್. ಹಿಂದೆ ನಾವಿಕರು ದಿನಗಟ್ಟಲೆ ಇಟ್ಟುಕೊಂಡು ತಿನ್ನುತ್ತಿದ್ದರಂತೆ. ಅದರಲ್ಲಿ ಒಣದ್ರಾಕ್ಷಿ! ಮೀನಿಗೆ ಒಣದ್ರಾಕ್ಷಿ ಹಾಕುವುದಾ ಅಂತ ನಗಾಡಿದೆ. ತಿಂದೆ. ಎರಡನೇ ಪ್ಲೇಟ್ ತೆಗೆದುಕೊಂಡೆ. ನಮ್ಮ ಹುಳಿ-ಖಾರದ ಮೀನು ಸಾರು ಪುಳಿಮುಂಚಿಗೆ ಸಾಟಿ ಅಲ್ಲ, ಆದರೂ ಅತ್ತೆಗೆ ಹೇಳಬೇಡಿ, ಹತ್ತಿರ ಹತ್ತಿರ ಬರುತ್ತದೆ. ಈ ಊರಲ್ಲಿ ಇನ್ನೆರಡು ದಿನ ಇರಬೇಕಿತ್ತು.

ಇದು ವಾಪಸ್ ದಾಟುವಾಗ. ಈ ಸಲ ಧೈರ್ಯ ಬಂದಿತ್ತು. ಇಲ್ಲಿಯವರು ನಿಂತೇ ಹೋಗುತ್ತಾರೆ, ಇವರೂ ನಿಂತರು. ನಾನೂ ಎದ್ದೆ. ಅಯ್ಯೋ ಅನ್ನುವುದು ನನ್ನದೇ ದನಿ. ಆಮೇಲೆ ಕಾಣುವುದು ಬರೀ ಆಕಾಶ, ಇವರ ಮೊಣಕೈ ಮತ್ತು...