ನಿಮ್ಮ ಕರೆ ಪಕ್ಕದ ಕಂಪನಿಗೆ ದಾಟುವುದು ಹೇಗೆ?

ಕೇಳುಗರೆಲ್ಲರಿಗೂ ನಮಸ್ಕಾರ.

ನಿಮ್ಮ ಫೋನಿನಲ್ಲಿ ಒಂದು ಕಂಪನಿಯ ಸಿಮ್ ಇದೆ. ನಿಮ್ಮ ತಂಗಿಯದು ಬೇರೆ ಕಂಪನಿ. ನೀವು ನಂಬರ್ ಒತ್ತುತ್ತೀರಿ, ಅವಳ ಫೋನ್ ರಿಂಗ್ ಆಗುತ್ತದೆ. ಇದರಲ್ಲೇನಿದೆ ಅನ್ನಿಸಬಹುದು. ಆದರೆ ಸ್ವಲ್ಪ ಯೋಚಿಸಿ. ಆ ಎರಡು ಕಂಪನಿಗಳು ಎದುರಾಳಿಗಳು. ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಎಳೆದುಕೊಳ್ಳಲು ದಿನಾ ಹೆಣಗುತ್ತಾರೆ. ಹಾಗಿದ್ದರೂ ಒಬ್ಬರ ಕರೆಯನ್ನು ಇನ್ನೊಬ್ಬರು ತಮ್ಮ ತಂತಿಯ ಮೇಲೆ, ತಮ್ಮ ಟವರಿನ ಮೂಲಕ ಹೊತ್ತು ತಂದು ತಲುಪಿಸುತ್ತಾರೆ. ಯಾಕೆ? ಒಳ್ಳೆಯತನದಿಂದ ಅಲ್ಲ. ಕಾನೂನು ಹಾಗೆ ಹೇಳುತ್ತದೆ, ಅದಕ್ಕೆ.

ಇವತ್ತು ನಾನು ಹೇಳುವುದು ಇದೊಂದೇ ಮಾತು. ಫೋನ್ ವ್ಯವಹಾರದಲ್ಲಿ ಹತ್ತು ಕಂಪನಿಗಳಿಗೆ ಲೈಸೆನ್ಸ್ ಕೊಟ್ಟರೆ ಸಾಲದು, ಅವುಗಳನ್ನು ಒಂದಕ್ಕೊಂದು ಜೋಡಿಸಬೇಕು. ಜೋಡಣೆ ಇಲ್ಲದಿದ್ದರೆ ಪೈಪೋಟಿ ಇಲ್ಲ.

"ಕಂಪನಿಗಳು ಜಾಸ್ತಿಯಾದರೆ ದರ ತಾನಾಗಿಯೇ ಇಳಿಯುತ್ತದೆ, ಸರ್ಕಾರಕ್ಕೆ ಇದರಲ್ಲಿ ಏನು ಕೆಲಸ" ಅಂತ ಜನ ನನ್ನನ್ನು ಕೇಳುತ್ತಲೇ ಇರುತ್ತಾರೆ. ಸೋಪಿನ ವಿಷಯದಲ್ಲಿ ಅದು ನಿಜ. ನಾನು ಯಾವ ಸೋಪು ಹಚ್ಚಿದರೂ ನಿಮಗೇನೂ ಆಗಬೇಕಿಲ್ಲ. ಫೋನ್ ಹಾಗಲ್ಲ. ಆ ಕಡೆ ಮಾತಾಡಲು ಯಾರೂ ಇಲ್ಲದಿದ್ದರೆ ನನ್ನ ಫೋನಿಗೆ ಬೆಲೆಯೇ ಇಲ್ಲ. ಹತ್ತು ಲಕ್ಷ ಗಿರಾಕಿಗಳಿರುವ ಹಳೆಯ ಕಂಪನಿ, ನೂರು ಜನರಿರುವ ಹೊಸ ಕಂಪನಿಗೆ "ನಿನ್ನ ಕರೆ ನಾನು ತಗೊಳ್ಳಲ್ಲ" ಅಂದರೆ ಸಾಕು. ಹೊಸಬರ ದರ ಅರ್ಧವಿದ್ದರೂ ಬರೀ ನೂರು ಜನರ ಜೊತೆ ಮಾತಾಡಲು ಯಾರು ದುಡ್ಡು ಕೊಡುತ್ತಾರೆ?

ಇದು ಬರೀ ಊಹೆಯಲ್ಲ, ನಡೆದದ್ದು. ಈ ಕಥೆಯನ್ನು ನಾನು ಹೋದಲ್ಲೆಲ್ಲ ಹೇಳುತ್ತೇನೆ. ಅಮೆರಿಕದಲ್ಲಿ ಟೆಲಿಫೋನಿನ ಮೂಲ ಪೇಟೆಂಟ್‌ಗಳು ಬೆಲ್ ಕಂಪನಿಯ ಕೈಯಲ್ಲಿದ್ದವು. 1893 ಮತ್ತು 1894ರಲ್ಲಿ ಅವುಗಳ ಅವಧಿ ಮುಗಿಯಿತು. ಮುಗಿದದ್ದೇ ತಡ, ಸಾವಿರಾರು ಸಣ್ಣ ಕಂಪನಿಗಳು ಎದ್ದವು. ಬೆಲ್ ಕಂಪನಿ ತಿರುಗಿಯೂ ನೋಡದಿದ್ದ ಹಳ್ಳಿಗಳಿಗೆ ಕೆಲವರು ತಂತಿ ಎಳೆದರು. ಕೆಲವು ಕಡೆ ರೈತರೇ ಸೇರಿ ಲೈನ್ ಹಾಕಿಕೊಂಡರು. ದರವೂ ಇಳಿಯಿತು. 1907ರ ಹೊತ್ತಿಗೆ ಆ ದೇಶದ ಹೆಚ್ಚು ಕಡಿಮೆ ಅರ್ಧದಷ್ಟು ಫೋನುಗಳು ಬೆಲ್ ಕೈತಪ್ಪಿ ಹೋಗಿದ್ದವು. ಒಳ್ಳೆಯದೇ ಆಯಿತು, ಅಲ್ವಾ?

ಆದರೆ ಬೆಲ್ ಕಂಪನಿ ಈ ಎದುರಾಳಿಗಳನ್ನು ತನ್ನ ಲೈನಿಗೆ ಸೇರಿಸಿಕೊಳ್ಳಲು ಒಪ್ಪಲಿಲ್ಲ. ಈಗ ಆ ಕಾಲದ ಒಬ್ಬ ಡಾಕ್ಟರನ್ನು ಕಣ್ಣ ಮುಂದೆ ತಂದುಕೊಳ್ಳಿ. ಊರಿನ ಅರ್ಧ ರೋಗಿಗಳ ಮನೆಯಲ್ಲಿ ಬೆಲ್ ಫೋನು, ಇನ್ನರ್ಧ ಮನೆಗಳಲ್ಲಿ ಬೇರೆ ಕಂಪನಿಯದು. ಇವರಿಂದ ಅವರಿಗೆ ಕರೆ ಹೋಗುವುದಿಲ್ಲ. ಡಾಕ್ಟರ್ ಏನು ಮಾಡಬೇಕು? ಎರಡು ಫೋನ್ ಇಡಬೇಕು, ಎರಡಕ್ಕೂ ಬಾಡಿಗೆ ಕಟ್ಟಬೇಕು. ವ್ಯಾಪಾರಿಗಳ ಗತಿಯೂ ಅದೇ. ಮೇಜಿನ ಮೇಲೆ ಎರಡು ಫೋನು, ಕೈಯಲ್ಲಿ ಎರಡು ಡೈರೆಕ್ಟರಿ, ಬೀದಿಯಲ್ಲಿ ಎರಡು ಸಾಲು ಕಂಬ. ಎರಡನ್ನೂ ಇಡಲು ಕೈಲಾಗದವರಿಗೆ ಅರ್ಧ ಊರೇ ಕೇಳಿಸುತ್ತಿರಲಿಲ್ಲ. ಪೈಪೋಟಿಯಿಂದ ಇಳಿದ ದರ, ಎರಡನೆಯ ಫೋನಿನ ಬಾಡಿಗೆಗೆ ಹೋಯಿತು!

ಬೆಲ್ ಕಂಪನಿಯ ದೂರದ ಊರುಗಳ ಲೈನುಗಳೂ ಅವರದೇ ಗಿರಾಕಿಗಳಿಗೆ. 1907ರಲ್ಲಿ ಕಂಪನಿಯ ಮುಖ್ಯಸ್ಥರಾಗಿ ಮರಳಿದ ಥಿಯೋಡರ್ ವೇಲ್ ಅವರ ವಾದವೆಂದರೆ, ಇಡೀ ದೇಶಕ್ಕೆ ಒಂದೇ ವ್ಯವಸ್ಥೆ ಸಾಕು. ಆ ವ್ಯವಸ್ಥೆ ತಮ್ಮದಾಗಿರಲಿ ಎಂಬುದು ಅವರ ಲೆಕ್ಕ. ಅವರು ಎದುರಾಳಿಗಳನ್ನು ಒಂದೊಂದಾಗಿ ಕೊಳ್ಳತೊಡಗಿದರು. ಕೊನೆಗೆ ಸರ್ಕಾರ ಮೊಕದ್ದಮೆಗೆ ಇಳಿಯಿತು. 1913ರ ಡಿಸೆಂಬರ್‌ನಲ್ಲಿ ಕಂಪನಿಯ ಉಪಾಧ್ಯಕ್ಷ ನೇಥನ್ ಕಿಂಗ್ಸ್‌ಬರಿ ಸರ್ಕಾರಕ್ಕೆ ಒಂದು ಪತ್ರ ಬರೆದರು. ನಮ್ಮ ದೂರದ ಲೈನುಗಳನ್ನು ಬೇರೆ ಕಂಪನಿಗಳಿಗೂ ಜೋಡಿಸುತ್ತೇವೆ ಎಂಬ ಮಾತು ಅದರಲ್ಲಿತ್ತು. ಇಪ್ಪತ್ತು ವರ್ಷ ಬೇಕಾಯಿತು ನೋಡಿ, ಒಂದು ತಂತಿಗೆ ಇನ್ನೊಂದು ತಂತಿ ಸೇರಿಸುವುದಕ್ಕೆ!

ಹಳೇ ಕಾಲದ ಕಥೆ ಅಂತ ಬಿಟ್ಟುಬಿಡಬೇಡಿ. 1989ರಲ್ಲಿ ನ್ಯೂಜಿಲೆಂಡ್ ತನ್ನ ಫೋನ್ ಮಾರುಕಟ್ಟೆಯನ್ನು ಪೂರ್ತಿ ತೆರೆಯಿತು. ಫೋನಿಗಾಗಿಯೇ ಒಂದು ನಿಯಂತ್ರಣ ಸಂಸ್ಥೆ ಬೇಡ, ಎಲ್ಲ ವ್ಯಾಪಾರಕ್ಕೂ ಇರುವ ಪೈಪೋಟಿ ಕಾನೂನೇ ಸಾಕು ಅಂದರು. ಕ್ಲಿಯರ್ ಎಂಬ ಹೊಸ ಕಂಪನಿ ಬಂತು. ಸ್ಥಳೀಯ ಕರೆಗಳನ್ನು ಜೋಡಿಸಲು ಹಳೆಯ ಕಂಪನಿಗೆ ಎಷ್ಟು ಕೊಡಬೇಕು ಎಂಬ ಜಗಳ ಹೈಕೋರ್ಟ್, ಮೇಲ್ಮನವಿ ಕೋರ್ಟ್ ದಾಟಿ, ಆಗ ಆ ದೇಶಕ್ಕೆ ಕೊನೆಯ ಕೋರ್ಟ್ ಆಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಯಿತು. 1994ರಲ್ಲಿ ತೀರ್ಪು ಹಳೆಯ ಕಂಪನಿಯ ಪರವಾಗಿ ಬಂತು. 2001ರಲ್ಲಿ ಆ ದೇಶ ಹೊಸ ಕಾನೂನು ಮಾಡಿ ದೂರಸಂಪರ್ಕಕ್ಕೇ ಒಬ್ಬ ಕಮಿಷನರನ್ನು ನೇಮಿಸಿತು. ಅದನ್ನು ಮೊದಲೇ ಮಾಡಬಹುದಿತ್ತಲ್ಲ ಎಂದು ನನಗೆ ಈಗಲೂ ಬೇಸರವಾಗುತ್ತದೆ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಜೋಡಿಸಿ ಅಂದರೆ ಸಾಲದು, ಎಷ್ಟು ದುಡ್ಡಿಗೆ ಅಂತಲೂ ಹೇಳಬೇಕು. ನನ್ನ ಕರೆಯನ್ನು ನಿಮ್ಮ ಫೋನಿಗೆ ತಲುಪಿಸಬಲ್ಲದ್ದು ನಿಮ್ಮ ಕಂಪನಿ ಒಂದೇ. ಆ ನಂಬರಿನ ಮಟ್ಟಿಗೆ ಅದೇ ಏಕಸ್ವಾಮ್ಯ. ಬಿಟ್ಟರೆ ಬಾಯಿಗೆ ಬಂದಷ್ಟು ಕೇಳುತ್ತದೆ, ಆ ಹೊರೆ ಕೊನೆಗೆ ಬೀಳುವುದು ಕರೆ ಮಾಡಿದವನ ಮೇಲೆ. ಅದಕ್ಕೇ ಒಂದು ಕಂಪನಿ ಇನ್ನೊಂದಕ್ಕೆ ಕೊಡುವ ಈ ದುಡ್ಡಿಗೆ ಯುರೋಪಿಯನ್ ಒಕ್ಕೂಟ ಎಲ್ಲ ಸದಸ್ಯ ದೇಶಗಳಿಗೂ ಒಂದೇ ಮಿತಿ ಹಾಕಿದೆ. 2024ರಿಂದ ಮೊಬೈಲ್ ಕರೆಗೆ ಅದು ನಿಮಿಷಕ್ಕೆ 0.2 ಯೂರೋ ಸೆಂಟ್. ನಂಬರ್ ಬದಲಾಯಿಸದೆ ಕಂಪನಿ ಬದಲಾಯಿಸುವ ಹಕ್ಕೂ ಇದೇ ಜಾತಿಯದು. ತರಂಗಾಂತರ, ಅಂದರೆ ಮೊಬೈಲ್ ಕರೆಗಳನ್ನು ಗಾಳಿಯಲ್ಲಿ ಹೊರುವ ರೇಡಿಯೋ ಅಲೆಗಳು, ಅವುಗಳ ಹರಾಜಿನ ಬಗ್ಗೆಯೂ ಕೇಳುತ್ತೀರಿ, ಗೊತ್ತು. 2000ದಲ್ಲಿ ಬ್ರಿಟನ್ನಿನ ಹರಾಜಿಗೆ ಸುಮಾರು 2,250 ಕೋಟಿ ಪೌಂಡ್ ಬಂತು. ದೊಡ್ಡ ಮೊತ್ತವೇ. ಆದರೆ ಎಷ್ಟೇ ಕೊಟ್ಟು ತರಂಗಾಂತರ ಕೊಂಡರೂ ಪಕ್ಕದ ಕಂಪನಿ ಕರೆ ತೆಗೆದುಕೊಳ್ಳದಿದ್ದರೆ ಅದರಿಂದೇನು ಪ್ರಯೋಜನ?

ಈಗ ನಿಮ್ಮ ಫೋನ್ ತೆಗೆದು ನೋಡಿ. ಮೆಸೇಜ್ ಕಳಿಸುವ ಆ್ಯಪ್‌ಗಳು ಎಷ್ಟಿವೆ? ಎರಡೋ, ಮೂರೋ? ಒಬ್ಬ ಗೆಳೆಯ ಇದರಲ್ಲಿ, ಇನ್ನೊಬ್ಬ ಅದರಲ್ಲಿ. ಇದರಿಂದ ಅದಕ್ಕೆ ಮೆಸೇಜ್ ಹೋಗುವುದಿಲ್ಲ. ಆ ಡಾಕ್ಟರ ಮೇಜಿನ ಮೇಲಿದ್ದ ಎರಡು ಫೋನುಗಳೇ ಇವು. ಯುರೋಪಿನ ಡಿಜಿಟಲ್ ಮಾರ್ಕೆಟ್ಸ್ ಕಾನೂನು 2024ರ ಮಾರ್ಚ್‌ನಿಂದ ವಾಟ್ಸ್‌ಆ್ಯಪ್, ಮೆಸೆಂಜರ್‌ಗಳಿಗೆ ಈ ಕರಾರನ್ನೇ ಹಾಕಿದೆ. ಸಣ್ಣ ಆ್ಯಪ್‌ನವರು ಬಂದು ಕೇಳಿದರೆ ಜೋಡಿಸಿಕೊಡಬೇಕು. ಮೊದಲು ಇಬ್ಬರ ನಡುವಿನ ಮೆಸೇಜು, ಆಮೇಲೆ ಗುಂಪು, ಅದಾದ ಮೇಲೆ ಕರೆಗಳು.

ನಮಸ್ಕಾರ.